ಅಮಾವಾಸ್ಯೆಗೆ ಕಾಣೆಯಾಗುತ್ತಿದ್ದ ಕ್ಲೋರಿನ್

ಕಾಕಾ ನೀರಿಗೆ ಕ್ಲೋರಿನ್ ಹಾಕುತ್ತಿಲ್ಲ ಎಂಬ ದೂರು ಹುಟ್ಟಿದ್ದು ನಾನು ನೋಡಿಕೊಳ್ಳುವ ಕಂಪ್ಯೂಟರಿನಿಂದ. ಹಾಗಾಗಿ ಅದನ್ನು ಬಿಡಿಸುವ ಕೆಲಸವೂ ನನ್ನ ಕೊರಳಿಗೇ ಬಂದು ಬಿತ್ತು. ಬಿಡಿಸಿದೆನೋ ಇಲ್ಲವೋ, ಕೊನೆಗೆ ನೀವೇ ಹೇಳಿ. ನನಗಂತೂ ಅದು ಮುಗಿಯುವಷ್ಟರಲ್ಲಿ ಸಾಕುಸಾಕಾಗಿ ಹೋಗಿತ್ತು.

ಶಲವಡಿ ದಾಟಿ ಇನ್ನೊಂದಿಷ್ಟು ದೂರ ಹೋದರೆ ಸಿಗುವ ಊರದು. ಹೆಸರು ಬೇಡ. ಅಲ್ಲಿ ಎಲ್ಲಿ ಬೋರ್ ಕೊರೆದರೂ ಬರುವುದು ಉಪ್ಪುಪ್ಪು ಸವುಳು ನೀರು. ಅದಕ್ಕೆ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು, ಘಟಕದಲ್ಲಿ ಸೋಸಿ, ಕ್ಲೋರಿನ್ ಹಾಕಿ ನಳಕ್ಕೆ ಬಿಡುತ್ತಾರೆ. ಘಟಕ ನೋಡಿಕೊಳ್ಳುವವರು ಕಾಕಾ. ಊರಿಗೆಲ್ಲ ಅವರು ಕಾಕಾ, ಹಾಗಾಗಿ ನನಗೂ ಕಾಕಾ. ಹಣೆ ತುಂಬ ವಿಭೂತಿ, ತಲೆಗೆ ಟಾವೆಲ್ಲು, ಗುತ್ತಿಗೆಯ ನೌಕರಿ. ಪಂಪಿನ ಖೋಲಿಯ ಮೂಲೆಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ, ಬುತ್ತಿ ಡಬ್ಬಿಯಷ್ಟು ದೊಡ್ಡದೊಂದು ಕಂಪ್ಯೂಟರ್ ಕೂತಿದೆ. ನೀರು ಬಿಡುವ ಹೊತ್ತಿನಲ್ಲಿ ಪೈಪಿನೊಳಗೆ ಕ್ಲೋರಿನ್ ಎಷ್ಟಿದೆ ಎಂದು ಅಳೆದು ಬರೆದಿಟ್ಟುಕೊಂಡು, ರಾತ್ರಿ ಮೇಲಿನ ಕಚೇರಿಗೆ ಕಳಿಸುವುದು ಅದರ ಕೆಲಸ. ಅದು ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಅಣ್ಣಿಗೇರಿಯಲ್ಲಿರುತ್ತೇನೆ, ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ದುಡಿಯುತ್ತೇನೆ. ಇಂಥ ಡಬ್ಬಿಗಳು ಮೊರಬದ ಕಡೆಗೂ ಇವೆ, ಕಲಘಟಗಿ ಕಡೆಗೂ ಇವೆ. ಬಸ್ಸಿನಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಎಲ್ಲ ಶುರುವಾಗಿದ್ದು ಮೇಲಿನಿಂದ ಬಂದ ಒಂದು ಆದೇಶದಿಂದ. ಎಲ್ಲ ಡಬ್ಬಿಗಳಲ್ಲೂ ಭದ್ರತಾ ಪ್ರೊಫೈಲ್ ಕಡ್ಡಾಯ. ಪ್ರೊಫೈಲ್ ಅಂದರೆ ಬಹಳ ದೊಡ್ಡ ಸಂಗತಿಯೇನಲ್ಲ. ಈ ಡಬ್ಬಿಗಳನ್ನು ನಡೆಸುವ ಲಿನಕ್ಸಿನಲ್ಲಿ ಪ್ರತಿ ಪ್ರೋಗ್ರಾಮಿಗೂ ಒಂದು ಫೈಲ್ ಬರೆದಿಡುತ್ತೇವೆ: ನೀನು ಇದನ್ನು ಓದಬಹುದು, ಅಲ್ಲಿ ಬರೆಯಬಹುದು, ಉಳಿದ ಕಡೆ ಕಾಲಿಡಬೇಡ ಎಂದು. ಮೀರಿ ಕಾಲಿಟ್ಟರೆ ಕರ್ನಲ್, ಅಂದರೆ ಲಿನಕ್ಸಿನ ಒಳಗಿನ ಯಜಮಾನ, ಅಲ್ಲೇ ತಡೆದು ಲಾಗ್ ಎಂಬ ದಿನಚರಿಯಲ್ಲಿ ಒಂದು ಸಾಲು ಬರೆಯುತ್ತಾನೆ. ಆ ಸಾಲುಗಳನ್ನು ಓದಿ, 'ಇದಕ್ಕೆ ಅನುಮತಿ ಕೊಡಲೇ?' ಎಂದು ಒಂದೊಂದಾಗಿ ಕೇಳಿ, ಪ್ರೊಫೈಲನ್ನು ತಿದ್ದಿಕೊಡುವ ಟೂಲ್ ಒಂದಿದೆ. ನಮ್ಮಂಥವರು ಅದನ್ನೇ ನಂಬಿ ಬದುಕುತ್ತೇವೆ.

ಅಳೆಯುವ ಪ್ರೋಗ್ರಾಮಿನ ಹೊಸ ಆವೃತ್ತಿ ಬಂದಾಗ ಅದು ಕ್ಲೋರಿನ್ನಿನ ಅಂಕಿಗಳನ್ನು ಬೇರೊಂದು ಫೋಲ್ಡರಿನಲ್ಲಿ ಬರೆಯತೊಡಗಿತು. ಹಳೆಯ ಪ್ರೊಫೈಲಿಗೆ ಆ ಫೋಲ್ಡರ್ ಗೊತ್ತಿಲ್ಲ. ಕರ್ನಲ್ ತಡೆಯಿತು, ಅಂಕಿ ನಿಂತವು, ಕಚೇರಿಯ ಪಟ್ಟಿಯಲ್ಲಿ ಆ ಜಾಗ ಸೊನ್ನೆಯಾಯಿತು. ಸಹಜವೇ. ನಾನು ಹೋದೆ. ನಮ್ಮ ಕಂಪನಿಯದೊಂದು ನಿಯಮ ಇದೆ: ಕೈ ಹಚ್ಚುವ ಮೊದಲು ಡಬ್ಬಿಯನ್ನು ಪೂರ್ತಿ ಬಂದ್ ಮಾಡಿ, ವೈರು ಕಿತ್ತು, ಮತ್ತೆ ಚಾಲೂ ಮಾಡಬೇಕು. ಹಾಗೇ ಮಾಡಿದೆ. ಟೂಲ್ ಓಡಿಸಿದೆ, ಅದು ಕೇಳಿತು, ಹೂಂ ಅಂದೆ, ಉಳಿಸಿದೆ. ಅಂಕಿ ಬರತೊಡಗಿದವು. ಕಾಕಾ ಕೊಟ್ಟ ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಮನೆ ಸೇರಿದೆ.

ಮುಂದಿನ ಅಮಾವಾಸ್ಯೆಗೆ ಅಂಕಿ ಮತ್ತೆ ನಿಂತವು. ಮರುದಿನ ನಾನು ಬಾಗಿಲಲ್ಲಿ ಕಾಣುತ್ತಲೇ ಕಾಕಾ ನಕ್ಕರು.

"ಏನ್ರಿ ಮೇಡಂ, ಮತ್ತ ಬಂದ್ರಿ? ನಿಮ್ಮ ಡಬ್ಬಿ ನಿಮ್ಮನ್ನ ಬಿಟ್ಟಿರೂದಿಲ್ಲ ನೋಡ್ರಿ."

"ನನಗ ಅದನ್ನ ಬಿಟ್ಟಿರಾಕ ಅಗದಿ ಸಂತೋಷ ಐತ್ರಿ ಕಾಕಾ," ಅಂದೆ.

ನಿಯಮದಂತೆ ಬಂದ್ ಮಾಡಿ ಚಾಲೂ ಮಾಡಿದೆ. ಲಾಗಿನಲ್ಲಿ ಕರ್ನಲ್ಲಿನ ಸಾಲುಗಳು ಎದ್ದು ಕಾಣುತ್ತಿದ್ದವು: ತಡೆಯಲಾಗಿದೆ, ತಡೆಯಲಾಗಿದೆ. ಅದೇ ಫೋಲ್ಡರ್. ಟೂಲ್ ಓಡಿಸಿದೆ. ಟೂಲ್ ಏನೂ ಕೇಳಲಿಲ್ಲ. ಕೇಳುವಂಥದ್ದೇನೂ ಇಲ್ಲ, ಎಲ್ಲಕ್ಕೂ ಅನುಮತಿ ಇದೆ ಎಂದು ಹೇಳಿ ಮುಗಿಸಿತು. ಪ್ರೊಫೈಲ್ ತೆಗೆದು ಕಣ್ಣಾರೆ ನೋಡಿದೆ. ಹೋದ ತಿಂಗಳು ನಾನು ಸೇರಿಸಿದ ಸಾಲು ಅಲ್ಲೇ ಇತ್ತು. ಫೈಲ್ ಕೊಟ್ಟಿದ್ದೇನೆ ಅನ್ನುತ್ತದೆ, ಯಜಮಾನ ಕೊಟ್ಟಿಲ್ಲ ಅನ್ನುತ್ತಾನೆ. ಇಬ್ಬರ ನಡುವೆ ನಾನು ಬೆಪ್ಪಾಗಿ ಕೂತೆ.

ಆಮೇಲೆ ನಮ್ಮ ಮಂದಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ರೊಫೈಲನ್ನು ಸಡಿಲ ಮಾಡಿದೆ, ಅಂದರೆ ನೋಡು, ಬರೆದುಕೋ, ಆದರೆ ತಡೆಯಬೇಡ ಎಂಬ ಸ್ಥಿತಿಗೆ ತಂದೆ. ಮತ್ತೆ ಬಿಗಿ ಮಾಡಿದೆ. ಅಂಕಿ ಬಂದವು. ಯಾಕೆ ಬಂದವು ಎಂದು ಗೊತ್ತಾಗಲಿಲ್ಲ. ಬಂದವಲ್ಲ ಎಂದು ಎದ್ದೆ. ಮೈಯಲ್ಲಿ ಅಷ್ಟು ದಣಿವಿತ್ತು.

ಅದರ ಮುಂದಿನ ಅಮಾವಾಸ್ಯೆಗೂ ಅದೇ ಕಥೆ. ಈ ಸಲ ನಾನು ಹೋಗುವ ಮೊದಲೇ ಮೇಲಿನ ಕಚೇರಿಯ ಸಾಹೇಬರು ಫೋನ್ ಮಾಡಿದರು.

"ಮೇಡಂ, ನಿಮ್ಮ ಕಂಪ್ಯೂಟರಿಗೆ ಪಂಚಾಂಗ ನೋಡಾಕ ಬರತೈತೇನು?"

"ಯಾಕ್ರಿ ಸರ್?"

"ಪ್ರತಿ ಅಮಾಸಿಗೂ ಕೆಡತೈತಲ್ಲ, ಅದಕ್ಕ ಕೇಳಿದೆ. ನೋಡ್ರಿ, ಪಂಪಿನ ಪ್ಯಾನೆಲ್ಲಿಗೆ ಅದರದ ಬ್ಯಾರೆ ಗಡಿಯಾರ ಐತಿ. ಅದರಾಗ ಸಾಫ್ ಕಾಣತೈತಿ. ಅಮಾಸಿ ಮುಂಜಾನೆ ಮೇನ್ ಬಂದ್ ಮಾಡ್ಯಾನ. ಆಮ್ಯಾಲೆ ಚಾಲೂ ಮಾಡಿ ನೀರು ಬಿಟ್ಟಾನ. ಕ್ಲೋರಿನ್ ಸೊನ್ನಿ. ಪೂಜಿ ಮುಗಿಸಿ ಮನೀಗೆ ಹೋಗೂ ಅವಸರದಾಗ ಔಷಧ ಹಾಕೂದ ಬಿಡಾಕತ್ತಾನ. ಕಂಪ್ಯೂಟರಿಗೆ ಗೊತ್ತಾಗಬಾರದು ಅಂತ ಮೇನ್ ಕೀಳತಾನ. ನೀವು ಹೋಗಿ ಬೈದ ಮ್ಯಾಲೆ ಮತ್ತ ಹಾಕತಾನ."

ಮೇನ್ ಕೀಳುವುದು ನಿಜ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಮಷೀನು, ತಕ್ಕಡಿ ಎಲ್ಲಕ್ಕೂ ಪೂಜೆ. ಕಾಕಾ ಆ ದಿನ ಮೇನ್ ತೆಗೆದು, ಪಂಪು ಪ್ಯಾನೆಲ್ಲು ಎಲ್ಲ ಒದ್ದೆ ಅರಿವೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಕಾಯಿ ಒಡೆದು, ಮತ್ತೆ ಮೇನ್ ಹಾಕುತ್ತಾರೆ. ಒದ್ದೆ ಅರಿವೆ ಹಿಡಿದು ಕರೆಂಟಿಗೆ ಕೈ ಹಚ್ಚುವವರಾರು? ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. ಕರ್ನಲ್ ತಡೆದ ಸಾಲುಗಳನ್ನು ಫೋಟೋ ತೆಗೆದು ಕಳಿಸಿದೆ. ಅವರು ಅದನ್ನು ನೋಡಿ, "ತಾರೀಖು ನೋಡ್ರಿ ಮೇಡಂ, ಎಷ್ಟೋ ವರ್ಷ ಹಿಂದಿನದ ಐತಿ. ಇದನ್ನ ಇಟಗೊಂಡು ನಾ ಏನ ಮಾಡ್ಲಿ?" ಅಂದರು.

ಅದೂ ನಿಜ. ಕೆಲವು ಸಾಲುಗಳ ತಾರೀಖು ಡಬ್ಬಿ ತಯಾರಾದ ಕಾಲದ್ದು, ಕೆಲವು ಈಗಿನವು. ಒಳಗಿನ ಬಟನ್ ಸೆಲ್ ಸತ್ತಿತ್ತು. ಕರೆಂಟು ಹೋದಾಗೆಲ್ಲ ಡಬ್ಬಿಯ ಗಡಿಯಾರ ತಾನು ಹುಟ್ಟಿದ ದಿನಕ್ಕೆ ಹಿಂದೆ ಹೋಗುತ್ತಿತ್ತು. ರಾತ್ರಿ ಕಚೇರಿಯ ಸಂಪರ್ಕ ಸಿಕ್ಕಾಗ ಸರಿಯಾಗುತ್ತಿತ್ತು. ಇಂಥ ಡಬ್ಬಿಗಳಲ್ಲಿ ಹತ್ತರಲ್ಲಿ ಎಂಟರ ಕಥೆ ಇದೇ. ಸೆಲ್ ಹಾಕಿಸಿ ಎಂದು ಕಂಪನಿಗೆ ಹೇಳಿ ಹೇಳಿ ನಾನೇ ಬಿಟ್ಟಿದ್ದೆ. ನಮ್ಮ ಕಂಪನಿಯ ಮಾಲೀಕರೂ ಅದೇ ರಾಗ ಹಾಡಿದರು.

"ಟೂಲ್ ಎಲ್ಲಾ ಸರಿ ಐತಿ ಅಂತೈತಿಲ್ಲೋ? ಮತ್ತ ನೀವ್ಯಾಕ ತಲಿ ಕೆಡಿಸಿಕೊಳ್ತೀರಿ? ಆಪರೇಟರಂದ ತಪ್ಪು ಅಂತ ಬರದ ಕೈ ತೊಳಕೊಳ್ರಿ."

ನಾನು ಬರೆಯಲಿಲ್ಲ. ಬರೆಯದೇ ಇದ್ದದ್ದರಿಂದ ಏನೂ ಉಪಯೋಗವಾಗಲಿಲ್ಲ. ಮತ್ತೊಂದು ಅಮಾವಾಸ್ಯೆಗೂ ಅಂಕಿ ನಿಂತವು, ಕಾಕಾಗೆ ನೋಟೀಸ್ ಬಂತು: ಇನ್ನೊಂದು ಸಲ ಕ್ಲೋರಿನ್ ಹಾಕದೆ ನೀರು ಬಿಟ್ಟರೆ ಕೆಲಸದಿಂದ ತೆಗೆಯಲಾಗುವುದು. ನೋಟೀಸಿಗಿಂತ ಮುಂಚೆ ಸುದ್ದಿ ಊರು ಸೇರಿತ್ತು. ಒಂದು ಓಣಿಯಲ್ಲಿ ನಾಲ್ಕಾರು ಮಕ್ಕಳಿಗೆ ವಾಂತಿಭೇದಿ ಆಗಿತ್ತಂತೆ. ಹೊಸ ಮಳೆಯ ದಿನಗಳು, ಎಲ್ಲ ಊರಲ್ಲೂ ಆಗುವಂಥದ್ದು. ಆದರೆ ಈ ಊರಿಗೆ ಈಗ ಬೊಟ್ಟು ಮಾಡಲು ಒಬ್ಬ ಮನುಷ್ಯ ಸಿಕ್ಕಿದ್ದ. ಆ ಅಮಾವಾಸ್ಯೆಯ ದಿನವೇ ನಳದ ಮುಂದೆ ತಾಮ್ರದ ಕೊಡ, ಸ್ಟೀಲಿನ ಕೊಡ ಬರುವುದು ನಿಂತಿತು. ಕುಡಿಯುವ ನೀರನ್ನು ಹಿಂದಿನ ದಿನವೇ ತುಂಬಿಟ್ಟುಕೊಂಡು, ಆ ದಿನ ಪ್ಲಾಸ್ಟಿಕ್ ಕೊಡ ಹಿಡಿದು ಬಂದರು. ಪ್ಲಾಸ್ಟಿಕ್ ಕೊಡ ಅಂದರೆ ಬಳಸುವ ನೀರು, ಬಟ್ಟೆಗೆ, ಪಾತ್ರೆಗೆ.

"ನಲವತ್ತು ಮನಿ ಕೊಡ ನಾ ಗುರುತು ಹಿಡಿತೀನಿ ಯವ್ವಾ," ಅಂದರು ಕಾಕಾ. ಆ ಹೊತ್ತಿಗೆ ನಾನು ಮೇಡಂ ಹೋಗಿ ಯವ್ವಾ ಆಗಿದ್ದೆ. "ಒಂದೂ ಬರಲಿಲ್ಲ. ನನ್ನ ಸ್ವಂತ ತಂಗಿ ಪ್ಲಾಸ್ಟಿಕ್ ಕೊಡಾ ತಂದ್ಲು. ನಾ ಎಲ್ಲಾರ ಮುಂದ ಒಂದು ತಂಬಿಗಿ ಕುಡದ ತೋರಿಸಿದೆ. ಯಾರೂ ನನ್ನ ಮುಖಾ ನೋಡಲಿಲ್ಲ."

ಅವರು ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ವಾಲ್ವಿಗೆ ಗ್ರೀಸ್ ಹಚ್ಚುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಬಹಳ ದಣಿಸುತ್ತದೆ.

ಅಲ್ಲಿಂದ ಮುಂದೆ ನನ್ನ ದಿನಗಳು ಸುಮ್ಮನೆ ತಡಕಾಡುವುದರಲ್ಲಿ ಹೋದವು. ಪ್ರೊಫೈಲನ್ನು ಮೊದಲಿನಿಂದ ಕೈಯಲ್ಲೇ ಬರೆದೆ. ಅನುಮತಿಯ ಸಾಲನ್ನು ಬೇರೆ ಬೇರೆ ರೀತಿ ಬರೆದು ನೋಡಿದೆ. ಫೋಲ್ಡರಿನ ದಾರಿ ಎಲ್ಲಾದರೂ ಸುತ್ತಿ ಬಳಸಿ ಹೋಗುತ್ತಿದೆಯೇ ಎಂದು ಹುಡುಕಿದೆ. ಟೂಲನ್ನು ತೆಗೆದು ಮತ್ತೆ ಹಾಕಿದೆ. ಪ್ರತಿ ಸಲವೂ ನಿಯಮದಂತೆ ವೈರು ಕಿತ್ತು ಚಾಲೂ ಮಾಡಿಯೇ ಶುರು ಮಾಡುತ್ತಿದ್ದೆ. ಶುರುವಿನಲ್ಲಿ ಕೆಟ್ಟಿರುತ್ತಿತ್ತು, ನಾನು ಏನಾದರೊಂದು ಮಾಡಿ ಉಳಿಸಿದ ಕೂಡಲೇ ಸರಿಯಾಗುತ್ತಿತ್ತು. ನಾನು ಏನು ಮಾಡಿದರೂ ಸರಿಯಾಗುತ್ತಿತ್ತು ಎಂಬುದೇ ತಲೆ ಕೆಡಿಸುವ ಸಂಗತಿ. ಒಂದು ಸಲ ಬರೀ ಒಂದು ಖಾಲಿ ಸಾಲು ಸೇರಿಸಿ ಉಳಿಸಿದೆ. ಅದಕ್ಕೂ ಸರಿಯಾಯಿತು. ಇನ್ನು ಇದಕ್ಕೆ ತಾಯಿತ ಕಟ್ಟಿಸುವುದೊಂದೇ ಬಾಕಿ ಅನ್ನಿಸಿತು.

ಸುಳಿವು ಸಿಕ್ಕಿದ್ದು ಬಮ್ಮಿಗಟ್ಟಿಯ ಕಡೆ. ಅಲ್ಲೊಂದು ಘಟಕ, ಅದೇ ಡಬ್ಬಿ, ಅದೇ ಹೊಸ ಆವೃತ್ತಿ, ಅದೇ ಸತ್ತ ಸೆಲ್ಲು. ಅಲ್ಲಿ ಕರೆಂಟು ದಿನಾ ಹೋಗುತ್ತದೆ. ಆದರೂ ನಾನು ಒಮ್ಮೆ ತಿದ್ದಿದ ಮೇಲೆ ಅಂಕಿ ಒಂದು ದಿನವೂ ನಿಂತಿರಲಿಲ್ಲ. ಬೇರೇನೋ ಕೆಲಸಕ್ಕೆ ಅಲ್ಲಿಗೆ ಹೋದವಳು, ಯಾಕೆ ಹೀಗೆ ಎಂದು ಯೋಚಿಸುತ್ತಾ ಆ ಡಬ್ಬಿಯ ಪ್ರೊಫೈಲ್ ಫೋಲ್ಡರ್ ತೆರೆದೆ. ಪ್ರೊಫೈಲಿನ ಮುಂದೆ ಅದನ್ನು ನಾನು ತಿದ್ದಿದ ದಿನದ ತಾರೀಖಿತ್ತು. ನನ್ನ ಫೋನಿನಲ್ಲಿ ಕಾಕಾನ ಡಬ್ಬಿಯ ಪರದೆಯ ಫೋಟೋ ಇತ್ತು. ಅದೇ ಪ್ರೊಫೈಲ್, ನಾನೇ ಮೊನ್ನೆ ಮೊನ್ನೆ ತಿದ್ದಿದ್ದು. ಅದರ ಮುಂದಿನ ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನದು, ಆ ಘಟಕ ಕಟ್ಟುವುದಕ್ಕೂ ಮುಂಚಿನದು.

ಬಮ್ಮಿಗಟ್ಟಿಯಲ್ಲಿ ಪ್ರೊಫೈಲ್ ತಿದ್ದಿದ ದಿನ ನೆನಪಾಯಿತು. ನೀರು ಬಿಡುವ ಹೊತ್ತು. ಅಲ್ಲಿನ ಆಪರೇಟರ್ ವೈರಿಗೆ ಕೈ ಹಾಕಲು ಬಿಟ್ಟಿರಲಿಲ್ಲ. 'ಈಗ ಬಂದ್ ಮಾಡಿದ್ರ ಊರ ಮಂದಿ ನನ್ನ ಬಂದ್ ಮಾಡತಾರ್ರಿ,' ಅಂದಿದ್ದ. ಹಾಗಾಗಿ ಅಲ್ಲಿ ಮಾತ್ರ ನಾನು ನಿಯಮ ಮುರಿದು, ಗಡಿಯಾರ ಸರಿಯಿದ್ದಾಗಲೇ ತಿದ್ದಿದ್ದೆ. ಉಳಿದ ಕಡೆಯೆಲ್ಲ ಮೊದಲು ವೈರು ಕಿತ್ತು, ಗಡಿಯಾರವನ್ನು ಹಿಂದಕ್ಕೆ ಓಡಿಸಿ, ಆಮೇಲೆ ತಿದ್ದಿದ್ದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತು ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದೆ. ಹುಬ್ಬಳ್ಳಿ ಬರುವಷ್ಟರಲ್ಲಿ ಗಂಟು ಬಿಚ್ಚಿತ್ತು.

ಸಂಗತಿ ಇಷ್ಟು. ನಾವು ಬರೆಯುವ ಪ್ರೊಫೈಲ್ ಕರ್ನಲ್ಲಿಗೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ತಿರುಗಿಸಬೇಕು. ಪ್ರತಿ ಸಲ ಚಾಲೂ ಆಗುವಾಗ ತಿರುಗಿಸುತ್ತಾ ಕೂತರೆ ತಡವಾಗುತ್ತದೆ ಎಂದು ಒಮ್ಮೆ ತಿರುಗಿಸಿದ್ದರ ಒಂದು ಸಿದ್ಧಪ್ರತಿಯನ್ನು ಡಬ್ಬಿ ಬೇರೆ ಕಡೆ ಇಟ್ಟುಕೊಂಡಿರುತ್ತದೆ. ಚಾಲೂ ಆಗುವಾಗ ಎರಡರ ತಾರೀಖು ನೋಡುತ್ತದೆ. ಪ್ರೊಫೈಲ್ ಹೊಸದಿದ್ದರೆ ಮತ್ತೆ ತಿರುಗಿಸುತ್ತದೆ, ಸಿದ್ಧಪ್ರತಿ ಹೊಸದಿದ್ದರೆ ಅದನ್ನೇ ಎತ್ತಿಕೊಳ್ಳುತ್ತದೆ. ನಾನು ತಿದ್ದಿದ ಪ್ರೊಫೈಲಿಗೆ ಹುಚ್ಚು ಗಡಿಯಾರ ಹಳೇ ತಾರೀಖು ಹಾಕಿತ್ತು. ಸಿದ್ಧಪ್ರತಿ ಮೊದಲ ಸಲ ಪ್ರೊಫೈಲ್ ಹಾಕಿದಾಗಿನದು, ಸೆಲ್ ಇನ್ನೂ ಬದುಕಿದ್ದಾಗಿನ ಸರಿಯಾದ ತಾರೀಖಿನದು. ಹಾಗಾಗಿ ಕರೆಂಟು ಹೋಗಿ ಬಂದಾಗಲೆಲ್ಲ ಡಬ್ಬಿ ನನ್ನ ತಿದ್ದುಪಡಿಯನ್ನು ಹಳೆಯದೆಂದು ತಿಳಿದು ಬಿಟ್ಟು, ನಿಜವಾಗಿಯೂ ಹಳೆಯದನ್ನು ಎತ್ತಿಕೊಳ್ಳುತ್ತಿತ್ತು. ಟೂಲಿನ ತಪ್ಪು ಏನೆಂದರೆ, ಅದು ತಿದ್ದಿದ್ದನ್ನು ನೇರವಾಗಿ ಕರ್ನಲ್ಲಿಗೆ ಕೊಟ್ಟು ಕೈ ಬಿಡುತ್ತಿತ್ತು. ಸಿದ್ಧಪ್ರತಿಯನ್ನು ಹೊಸದು ಮಾಡುತ್ತಿರಲಿಲ್ಲ, ಹಳೆಯದು ಅಲ್ಲೇ ಕೂತಿದೆ ಎಂದು ಒಂದು ಮಾತು ಹೇಳುತ್ತಲೂ ಇರಲಿಲ್ಲ. ಕಾಕಾನ ಊರಿನ ಘಟಕಕ್ಕೆ ಬೇರೆ ಲೈನಿನ ಕರೆಂಟು, ಹೋಗುವುದೇ ಅಪರೂಪ. ತಿಂಗಳಿಗೊಮ್ಮೆ ಮೇನ್ ಬೀಳುತ್ತಿದ್ದದ್ದು ಕಾಕಾನ ಕೈಯಿಂದಲೇ, ಅಮಾವಾಸ್ಯೆಯ ದಿನ. ಉಳಿದ ಊರುಗಳಲ್ಲಿ ಹೊತ್ತುಗೊತ್ತಿಲ್ಲದೆ ಅಂಕಿ ನಿಂತಾಗ ಕರೆಂಟಿನ ಕಾಟ ಎಂದುಕೊಂಡು ಸರಿ ಮಾಡಿ ಬಂದಿದ್ದೆ.

ಮರುದಿನವೇ ಹೋದೆ. ಈ ಸಲ ವೈರು ಕೀಳಲಿಲ್ಲ. ಸಿದ್ಧಪ್ರತಿ ಇರುವ ಜಾಗ ತೆರೆದು ನೋಡಿದೆ, ಲೆಕ್ಕ ಹಾಕಿದ ಹಾಗೇ ಇತ್ತು. ಅದನ್ನು ಅಳಿಸಲು ಒಂದು ಸಾಲು ಸಾಕು. ಬೆರಳು ಕೀಲಿಮಣೆಯ ಮೇಲಿತ್ತು. ಆಗ ಹಿಂದಿನಿಂದ ಕಾಕಾ ಚಹಾದ ಬಟ್ಟಲು ಹಿಡಿದು ಬಂದರು.

"ಸಿಕ್ಕತೇನು ಯವ್ವಾ?"

"ಸಿಕ್ಕತ್ರಿ ಕಾಕಾ."

"ನಂದೇನರ ತಪ್ಪು ಐತೇನು?"

"ನಿಮ್ಮದಿಲ್ಲ. ಗಡಿಯಾರದ್ದು, ಟೂಲಿಂದು."

"ಹಂಗಾರ ತಗದ ಒಗಿ. ನಿವಾಂತ ಆಗಲಿ."

ಬೆರಳು ತೆಗೆದೆ. ಆ ಕ್ಷಣದವರೆಗೂ ಹೊಳೆಯದ ಸಂಗತಿಯೊಂದು ಹೊಳೆದಿತ್ತು.

"ಕಾಕಾ, ಈಗ ನಾ ಇದನ್ನ ತಗದರ ಮುಂದಿನ ಅಮಾಸಿಗೆ ಅಂಕಿ ಬರೋಬರಿ ಬರತಾವು."

"ಬರಲಿ ಮತ್ತ. ಛಲೋ ಆತಲ್ಲ."

"ಸಾಹೇಬ್ರು ಏನಂತಾರ? ನೋಟೀಸ್ ಕೊಟ್ಟ ಮ್ಯಾಲೆ ಮುದುಕ ದಾರಿಗೆ ಬಂದ ಅಂತಾರ. ಅಂದ್ರ ಇಷ್ಟು ದಿನ ಹಾಕಿದ್ದಿಲ್ಲ ಅಂತ ಪಕ್ಕಾ ಆತು."

ಕಾಕಾ ಬಟ್ಟಲು ಕೆಳಗಿಟ್ಟು ಪಂಪಿನ ಕಟ್ಟೆಯ ಮೇಲೆ ಕೂತರು.

"ಹಂಗಾರ ಏನ ಮಾಡೂಣು ಅಂತಿ?"

"ಹಿಂಗ ಬಿಡೂಣು. ಅಮಾಸಿ ದಿನ ಸಾಹೇಬ್ರನ್ನ ಇಲ್ಲೇ ಕರಸೂಣು. ಅವರ ಕಣ್ಣ ಮುಂದ ನೀವು ಪೂಜಿ ಮಾಡ್ರಿ, ಕ್ಲೋರಿನ್ ಹಾಕ್ರಿ, ನೀರು ಬಿಡ್ರಿ. ಡಬ್ಬಿ ಅವರ ಮುಂದನ ಸುಳ್ಳು ಹೇಳಲಿ."

"ಅವ್ರು ಬರಲಿಲ್ಲಂದ್ರ?"

ಇದಕ್ಕೆ ನಾನು ಹಾರಿಕೆಯ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. "ಬರಲಿಲ್ಲಂದ್ರ ನಿಮ್ಮ ಕೆಲಸ ಹೋಗತೈತ್ರಿ ಕಾಕಾ. ಅದಕ್ಕ ನೀವ ಹೇಳ್ರಿ. ನೀವು ಬ್ಯಾಡ ಅಂದ್ರ ಈಗ ತಗದ ಬಿಡ್ತೀನಿ."

ಅವರು ತಲೆಯ ಟಾವೆಲ್ಲು ಬಿಚ್ಚಿ ಮುಖ ಒರೆಸಿಕೊಂಡರು. "ಕೆಲಸ ಇವತ್ತಿಲ್ಲ ನಾಳೆ ಹೋಗೂದ ಐತಿ," ಅಂದರು. "ಔಷಧ ಹಾಕದ ಮಂದಿಗೆ ನೀರು ಕುಡಿಸಿದಾಂವ ಅಂತ ಅನಿಸಿಕೊಂಡು ಹೋಗಾಕ ನಾ ಒಲ್ಲೆ. ಕರಸು."

ಸಾಹೇಬರನ್ನು ಒಪ್ಪಿಸುವುದು ಪ್ರೊಫೈಲ್ ಬಿಡಿಸಿದ್ದಕ್ಕಿಂತ ಕಷ್ಟವಾಯಿತು. ಮೊದಲು ಫೋನ್ ಎತ್ತಲಿಲ್ಲ. ಎತ್ತಿದ ಮೇಲೆ ಮೀಟಿಂಗ್ ಅಂದರು. ಕೊನೆಗೆ, "ಮೇಡಂ, ಅಮಾಸಿ ದಿನ ನಾ ಹೊಸಾ ಕೆಲಸಕ್ಕ ಎಲ್ಲೂ ಹೋಗೂದಿಲ್ಲ," ಅಂದರು. "ಹೊಸಾ ಕೆಲಸ ಅಲ್ರಿ ಸರ್, ಹಳೇದನ್ನ ಮುಗಸೂದು," ಅಂದೆ. ಆ ಕಡೆಯಿಂದ ನಕ್ಕ ಹಾಗೆ ಕೇಳಿಸಿತು. ನೋಡೋಣ ಅಂದರು. ನಮ್ಮ ಮಾಲೀಕರಿಗೆ ನಾನು ಏನೂ ಹೇಳಿರಲಿಲ್ಲ.

ಅಮಾವಾಸ್ಯೆಯ ಮುಂಜಾನೆ ಮೊದಲ ಬಸ್ಸಿಗೆ ಹೋದೆ. ಕಾಕಾ ಮಡಿಯುಟ್ಟು ಸಿದ್ಧವಾಗಿದ್ದರು. ಹೂವು, ಕಾಯಿ, ಊದಿನಕಡ್ಡಿ ಎಲ್ಲ ಒಂದು ಬುಟ್ಟಿಯಲ್ಲಿ. ಸಾಹೇಬರ ಜೀಪಿನ ಸುದ್ದಿಯಿಲ್ಲ. ನೀರು ಬಿಡುವ ಹೊತ್ತಾಯಿತು. ಊರಿನಿಂದ ಫೋನಿನ ಮೇಲೆ ಫೋನು, ನೀರು ಯಾವಾಗ ಎಂದು. ಕಾಕಾ ನನ್ನ ಮುಖ ನೋಡುವುದು, ನಾನು ರಸ್ತೆ ನೋಡುವುದು. ಕರಿಮಣ್ಣಿನ ರಸ್ತೆ ಮಳೆಗೆ ಅಂಟಂಟಾಗಿತ್ತು. ಜೀಪು ಎಲ್ಲೋ ಸಿಕ್ಕಿಕೊಂಡಿತೋ, ಸಾಹೇಬರು ಹೊರಟೇ ಇಲ್ಲವೋ ತಿಳಿಯದು. ಸುಮ್ಮನೆ ಆ ಸಿದ್ಧಪ್ರತಿ ಅಳಿಸಿಬಿಟ್ಟಿದ್ದರೆ ಆಗುತ್ತಿತ್ತು, ನನಗ್ಯಾಕೆ ಬೇಕಿತ್ತು ಈ ಉಸಾಬರಿ ಎಂದು ಮನಸ್ಸಿನಲ್ಲಿ ನನ್ನನ್ನೇ ಬೈದುಕೊಂಡೆ.

ಕೊನೆಗೂ ಜೀಪು ಬಂತು, ಗಾಲಿಗೆಲ್ಲ ಎರೆಮಣ್ಣು ಮೆತ್ತಿಕೊಂಡು. ಸಾಹೇಬರು ಬೂಟು ಬಿಚ್ಚಿ ಒಳಗೆ ಬಂದು, "ಜಲ್ದಿ ಮುಗಸ್ರಿ," ಅಂದರು.

ಕಾಕಾ ಅವಸರ ಮಾಡಲಿಲ್ಲ. ಮೇನ್ ತೆಗೆದರು. ಒರೆಸಿದರು, ವಿಭೂತಿ ಹಚ್ಚಿದರು, ಹೂವೇರಿಸಿದರು, ಕಾಯಿ ಒಡೆದರು. ಎಲ್ಲ ತಿಂಗಳಂತೆ ನನ್ನ ಡಬ್ಬಿಗೂ ಒಂದು ಹೂವು ಇಟ್ಟರು. ಮೇನ್ ಹಾಕಿದರು. ಸಾಹೇಬರ ಕೈಯಿಂದಲೇ ಕ್ಲೋರಿನ್ನಿನ ಡ್ರಮ್ಮಿನ ಮುಚ್ಚಳ ತೆಗೆಸಿ ತೋರಿಸಿ, ಅದನ್ನು ಪೈಪಿನ ನೀರಿಗೆ ಬಿಟ್ಟರು. ಪಂಪು ಗುಡುಗಿತು. ನಾನು ಪರದೆಯನ್ನು ಸಾಹೇಬರ ಕಡೆಗೆ ತಿರುಗಿಸಿದೆ. ಕ್ಲೋರಿನ್ನಿನ ಜಾಗ ಖಾಲಿ. ಲಾಗಿನಲ್ಲಿ ಹೊಸ ಸಾಲು ಬೀಳುತ್ತಿತ್ತು: ತಡೆಯಲಾಗಿದೆ. ಅದರ ಮುಂದೆ ಎಷ್ಟೋ ವರ್ಷ ಹಿಂದಿನ ತಾರೀಖು.

"ಸರ್, ಇದು ಹಳೇ ಸಾಲು ಅಂದಿದ್ರಿ. ಈಗ ನಿಮ್ಮ ಮುಂದ ಬಿತ್ತು, ನೋಡ್ರಿ."

ಕಾಕಾ ಅಷ್ಟರಲ್ಲಿ ನಳದಿಂದ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಪರೀಕ್ಷೆಯ ಔಷಧದ ಹನಿ ಬಿಟ್ಟರು. ನೀರು ಹಳದಿಯಾಯಿತು. ಕ್ಲೋರಿನ್ ಇದ್ದರೆ ಮಾತ್ರ ಹಳದಿಯಾಗುತ್ತದೆ. ಸಾಹೇಬರು ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು, ಪರದೆ ನೋಡಿದರು, ಮತ್ತೆ ನಳಿಕೆ ನೋಡಿದರು. ನಾನು ಸಿದ್ಧಪ್ರತಿ ಅಳಿಸಿ, ಪ್ರೊಫೈಲನ್ನು ಮತ್ತೆ ಓದಿಸಿದೆ. ಖಾಲಿ ಜಾಗದಲ್ಲಿ ಅಂಕಿ ಮೂಡಿತು.

"ಎಲ್ಲಾ ಕಡೆ ಹಿಂಗ ಐತೇನು?" ಅಂತ ಕೇಳಿದರು.

"ಸೆಲ್ ಸತ್ತ ಡಬ್ಬಿಯೊಳಗ ನಾ ತಿದ್ದಿದ್ದೆಲ್ಲಾ ಹಿಂಗ ಇರಬಹುದ್ರಿ. ಒಂದೊಂದ ನೋಡಬೇಕು."

ಅವರು ತಲೆಯಾಡಿಸಿದರು. "ಆತು ಕಾಕಾ, ನೋಟೀಸ್ ವಾಪಸ್ ತಗೋತೀನಿ. ತಿಂಗಳದಾಗ ಪತ್ರ ಬರತೈತಿ," ಅಂದರು.

ಕಾಕಾ ಕೈಮುಗಿದರು. "ಸಾಹೇಬ್ರ, ಪತ್ರ ನನಗ ಬ್ಯಾಡ್ರಿ. ಈ ಮಾತು ಊರಾಗ ನಳದ ಮುಂದ ನಿಂತು ಒಂದೀಟು ಹೇಳಿ ಹೋಗ್ರಿ. ಇಲ್ಲೇ ಐತಿ, ಜೀಪಿನ್ಯಾಗ ಹೋಗೂಣು."

ಸಾಹೇಬರು ಕೈಗಡಿಯಾರ ನೋಡಿಕೊಂಡರು. ಧಾರವಾಡದಲ್ಲಿ ಮೀಟಿಂಗ್ ಇದೆ, ಇನ್ನೊಮ್ಮೆ ಬಂದಾಗ ಖಂಡಿತ ಹೇಳುತ್ತೇನೆ ಅಂದರು. ಕೆಟ್ಟ ಮನುಷ್ಯರಲ್ಲ. ಬೂಟು ಹಾಕಿಕೊಂಡು ಹೊರಟು ಹೋದರು.

ಹಾಗಾಗಿ ನಳದ ಮುಂದೆ ಹೋಗಿ ನಿಂತವರು ನಾವಿಬ್ಬರೇ. ಸಾಲಿನಲ್ಲಿ ಬರೀ ಪ್ಲಾಸ್ಟಿಕ್ ಕೊಡಗಳು, ಕೆಂಪು, ನೀಲಿ, ಹಸಿರು. ನಾನು ಹೇಳಿದೆ. ಕಂಪ್ಯೂಟರಿನದು ತಪ್ಪು, ಕಾಕಾ ದಿನಾ ಕ್ಲೋರಿನ್ ಹಾಕಿದ್ದಾರೆ, ಸಾಹೇಬರೇ ನೋಡಿ ಒಪ್ಪಿ ಹೋದರು ಎಂದು. ಸಿದ್ಧಪ್ರತಿ, ತಾರೀಖು ಎಂದು ಬಿಡಿಸಿ ಹೇಳಲು ಹೊರಟು, ಯಾರಿಗೂ ಬೇಡವೆಂದು ಗೊತ್ತಾಗಿ ಅರ್ಧಕ್ಕೆ ನಿಲ್ಲಿಸಿದೆ. ಕಾಕಾ ಒಂದು ತಂಬಿಗೆ ಹಿಡಿದು ಅರ್ಧ ಕುಡಿದರು. ಉಳಿದ ಅರ್ಧ ನಾನು ಕುಡಿದೆ. ಸಾಲಿನ ಮುಂದಿದ್ದ ಹೆಂಗಸು ಕಾಕಾನ ತಂಗಿ. ಅವಳು ಎಲ್ಲ ಕೇಳಿಸಿಕೊಂಡು ನೀಲಿ ಕೊಡ ತುಂಬಿಸಿಕೊಂಡಳು.

"ಇದು ಕುಡಿಯಾಕೋ, ಬಳಸಾಕೋ?" ಅಂತ ಕೇಳಿದೆ.

"ಇವತ್ತ ಬಳಸಾಕ್ರಿ," ಅಂದು, ಅಣ್ಣನ ಕಡೆ ನೋಡದೆ ಕೊಡ ಎತ್ತಿ ಸೊಂಟಕ್ಕೇರಿಸಿಕೊಂಡಳು.

ಆಮೇಲೆ ನಾನು ಒಂದೊಂದೇ ಘಟಕಕ್ಕೆ ಹೋಗಿ ಸೆಲ್ ಬದಲಿಸಿದೆ, ಸಿದ್ಧಪ್ರತಿಗಳನ್ನು ಅಳಿಸಿದೆ. ಟೂಲ್ ಬರೆದವರಿಗೂ ವಿವರವಾಗಿ ಬರೆದು ತಿಳಿಸಿದೆ. ಗಡಿಯಾರ ಸರಿಯಾಗಿಟ್ಟುಕೊಳ್ಳಿ ಎಂದು ಉತ್ತರ ಬಂತು. ಮಾಲೀಕರು ವೈರು ಕೀಳುವ ನಿಯಮವನ್ನು ಇನ್ನೂ ತೆಗೆದಿಲ್ಲ. ನಾನು ಅದನ್ನು ಪಾಲಿಸುತ್ತಿಲ್ಲ, ಅವರೂ ಕೇಳುತ್ತಿಲ್ಲ. ಯಾರ ಜೊತೆಗೂ ವಾದ ಮಾಡುವ ತ್ರಾಣ ಉಳಿದಿಲ್ಲ.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಕಾಕಾಗೆ ಫೋನ್ ಮಾಡಿದೆ. ಮೇನ್ ತೆಗೆದು ಪೂಜೆ ಮಾಡಿದಿರೇ ಎಂದು ಕೇಳಿದೆ. ಮಾಡಿದ್ದರು.

"ಅಂಕಿ ಬಂದಾವು ಯವ್ವಾ. ಡಬ್ಬಿ ಅಗದಿ ಬರೋಬರಿ ಐತಿ."

"ಡಬ್ಬಿ ಇರಲಿ ಕಾಕಾ. ಕೊಡ?"

ಆ ಕಡೆ ಪಂಪಿನ ಸದ್ದು ಕೇಳಿಸುತ್ತಿತ್ತು.

"ತಾಮ್ರದ್ದು ಒಂದು ಬಂದಿತ್ತು. ನನ್ನ ತಂಗೀದು."